ಬುಸಾನ್‌ನಲ್ಲಿ ಗೆಳೆಯರ ಜೊತೆ ಮೂರು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಬುಸಾನ್ ನೋಡಲು ಮೂರು ದಿನ ಸಾಕಾ?

ಸಾಕು. ಆದರೆ ಊರನ್ನು ಎರಡು ಪಾಲು ಮಾಡಿಕೊಳ್ಳಬೇಕು. ಭೂಪಟದಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಒಂದೇ ಊರಿನಂತೆ ಕಂಡರೂ ಗುಡ್ಡಗಳ ನಡುವೆ ಕಡಲಂಚಿಗೆ ಉದ್ದಕ್ಕೆ ಹರಡಿಕೊಂಡಿದೆ. ಪೂರ್ವಕ್ಕೆ ಹೆಯುಂದೆ, ಗ್ವಾಂಗಲ್ಲಿ, ಸೊಂಗ್ಜೊಂಗ್ ಕಡಲತೀರಗಳು ಮತ್ತು ಯೊಂಗುಂಗ್ಸಾ ದೇವಾಲಯ. ನೈಋತ್ಯಕ್ಕೆ ಹಳೆಯ ಊರು: ಜಗಲ್ಚಿ ಮೀನು ಮಾರುಕಟ್ಟೆ, ನಾಂಪೊ ಪೇಟೆ, ಗಾಮ್ಚೊನ್ ಹಳ್ಳಿ, ಸೊಂಗ್ದೊ ತೀರ, ಯೊಂಗ್ದೊ ದ್ವೀಪ. ಈ ಕೊನೆಯಿಂದ ಆ ಕೊನೆಗೆ ಮೆಟ್ರೊದಲ್ಲಿ ಒಂದು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಗಾಮ್ಚೊನ್, ಮಧ್ಯಾಹ್ನ ಯೊಂಗುಂಗ್ಸಾ, ರಾತ್ರಿ ಮತ್ತೆ ನಾಂಪೊ ಎಂದು ಯೋಜನೆ ಹಾಕಿದವರು ಅರ್ಧ ದಿನವನ್ನು ಸುರಂಗದಲ್ಲೇ ಕಳೆಯುತ್ತಾರೆ. ಒಂದು ದಿನಕ್ಕೆ ಒಂದೇ ಕಡೆ. ಈ ನಿಯಮ ಮುರಿಯದಿದ್ದರೆ ಉಳಿದದ್ದೆಲ್ಲ ಸಲೀಸು.

ಗುಂಪಿನಲ್ಲಿ ಎಷ್ಟು ಜನ ಇದ್ದರೆ ಒಳ್ಳೆಯದು?

ನಾಲ್ಕು. ಟ್ಯಾಕ್ಸಿ ಹತ್ತುವುದು ನಾಲ್ಕೇ ಜನ, ಐದನೆಯವರನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಕಡಲಂಚಿನ ಕಂಬಿಯ ಮೇಲೆ ಓಡುವ ಸ್ಕೈ ಕ್ಯಾಪ್ಸೂಲ್‌ನಲ್ಲೂ ನಾಲ್ವರಿಗೇ ಜಾಗ. ಸಣ್ಣ ಊಟದ ಮನೆಗಳಲ್ಲಿ ಮೇಜುಗಳೂ ನಾಲ್ವರಿಗೆ ಲೆಕ್ಕ. ಐದು ಜನರಾದರೆ ಎರಡು ಟ್ಯಾಕ್ಸಿ, ಎರಡು ಕ್ಯಾಪ್ಸೂಲ್ ಬೇಕು. ಅದಕ್ಕಿಂತ ಆರು ಅಥವಾ ಎಂಟು ಜನರಾಗುವುದೇ ಲೇಸು. ಒಬ್ಬರೋ ಇಬ್ಬರೋ ಹೋಗುವುದಾದರೂ ತೊಂದರೆಯಿಲ್ಲ. ಆದರೆ ಸುಟ್ಟು ತಿನ್ನುವ ಮಾಂಸದ ಅಂಗಡಿಗಳಲ್ಲಿ ಕನಿಷ್ಠ ಎರಡು ಪಾಲು ಹೇಳಲೇಬೇಕಾಗುತ್ತದೆ.

ಯಾವ ರಜೆಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು?

ಸೊಲ್ಲಾಲ್ (ಚಾಂದ್ರಮಾನ ಹೊಸ ವರ್ಷ) ಮತ್ತು ಚುಸೊಕ್ (ಸುಗ್ಗಿ ಹಬ್ಬ) ಎರಡನ್ನೂ ಬಿಡಿ. ಆಗ ಇಡೀ ದೇಶ ಊರಿಗೆ ಹೊರಟಿರುತ್ತದೆ. ಆ ದಿನಗಳ ರೈಲು ಟಿಕೆಟ್ಟಿಗೆ ಪ್ರತ್ಯೇಕ ಮುಂಗಡ ದಿನವಿದ್ದು ಬೇಗನೆ ಮುಗಿದುಹೋಗುತ್ತವೆ. ಹಬ್ಬದ ದಿನ ಅನೇಕ ಅಂಗಡಿಗಳೂ ಮುಚ್ಚಿರುತ್ತವೆ.

ಮೇ 5ರ ಮಕ್ಕಳ ದಿನ, ಜೂನ್ 6ರ ಸ್ಮಾರಕ ದಿನ, ಅಕ್ಟೋಬರ್ 3 ಮತ್ತು 9ರ ರಜೆಗಳು ವಾರಾಂತ್ಯಕ್ಕೆ ಅಂಟಿಕೊಂಡರೆ ಅವೇ ಒಳ್ಳೆಯವು. ಹವೆಯ ಲೆಕ್ಕದಲ್ಲಿ ಮೇ ಮತ್ತು ಅಕ್ಟೋಬರ್ ಹಿತ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಮಳೆಗಾಲ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಭಯ. ಚೆರ್ರಿ ಹೂವು ಬೇಕಿದ್ದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಚಳಿಗಾಲದಲ್ಲಿ ರಾಜಧಾನಿ ಸೋಲ್‌ನಷ್ಟು ಕೊರೆಯುವುದಿಲ್ಲ, ಆದರೆ ಕಡಲ ಗಾಳಿ ಕಿವಿ ಕತ್ತರಿಸುತ್ತದೆ.

ಶರತ್ಕಾಲದಲ್ಲಿ ಎರಡು ದೊಡ್ಡ ಜಾತ್ರೆಗಳಿವೆ. 1996ರಲ್ಲಿ ಶುರುವಾದ ಬುಸಾನ್ ಅಂತರರಾಷ್ಟ್ರೀಯ ಚಿತ್ರೋತ್ಸವ ಒಂದು, ಗ್ವಾಂಗಲ್ಲಿಯ ಬಾಣಬಿರುಸು ಉತ್ಸವ ಇನ್ನೊಂದು. ಅವನ್ನೇ ನೋಡಲು ಹೋಗುವುದಾದರೆ ಸರಿ. ಅಲ್ಲವಾದರೆ ಆ ತಾರೀಖುಗಳನ್ನು ನೋಡಿಕೊಂಡು ತಪ್ಪಿಸಿ. ಬಾಣಬಿರುಸಿನ ರಾತ್ರಿ ಕೋಣೆಯ ಬಾಡಿಗೆ ಗಗನಕ್ಕೇರಿರುತ್ತದೆ.

ಬೆಂಗಳೂರಿನಿಂದ ಬರುವವರಿಗೆ ವೀಸಾ ಬೇಕಾ?

ಬೇಕು. ಇಲ್ಲಿ ಎರಡು ಗೊಂದಲಗಳಿವೆ. ಮೊದಲನೆಯದು, ಕೆ-ಇಟಿಎ ಎಂಬ ಆನ್‌ಲೈನ್ ಅನುಮತಿ. ಅದು ವೀಸಾ ವಿನಾಯಿತಿ ಇರುವ ದೇಶದವರಿಗೆ ಮಾತ್ರ, ಭಾರತದ ಪಾಸ್‌ಪೋರ್ಟಿಗೆ ಅನ್ವಯಿಸುವುದಿಲ್ಲ. ಎರಡನೆಯದು, ಜೆಜು ದ್ವೀಪಕ್ಕೆ ವೀಸಾ ಬೇಡ ಎಂಬ ಮಾತು. ಆ ರಿಯಾಯಿತಿ ದ್ವೀಪಕ್ಕಷ್ಟೇ ಸೀಮಿತ. ಅಲ್ಲಿಂದ ಬುಸಾನ್‌ಗೆ ದಾಟುವಂತಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿಆರ್, ಕೆಲಸದ ಪತ್ರ, ಪ್ರವಾಸದ ವಿವರ ಜೋಡಿಸಿಕೊಂಡು ಕನಿಷ್ಠ ಒಂದೂವರೆ ತಿಂಗಳು ಮುಂಚೆ ಅರ್ಜಿ ಹಾಕಿ. ಗೆಳೆಯರೆಲ್ಲ ಒಟ್ಟಿಗೆ ಅರ್ಜಿ ಕೊಟ್ಟರೂ ತೀರ್ಮಾನ ಒಬ್ಬೊಬ್ಬರದೂ ಬೇರೆ. ನಾಲ್ವರಲ್ಲಿ ಒಬ್ಬರ ಅರ್ಜಿ ತಿರಸ್ಕೃತವಾಗುವುದು ಅಪರೂಪವಲ್ಲ. ಆದ್ದರಿಂದ ಎಲ್ಲರ ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಬರುವಂಥ ಬುಕಿಂಗ್ ಮಾತ್ರ ಮಾಡಿ. ಕೊರಿಯಾ ತಲುಪುವ ಮುಂಚಿನ ಮೂರು ದಿನದೊಳಗೆ ಇ-ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಆಗಮನ ಪತ್ರ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.

ಸೋಲ್‌ನಿಂದ ಹೋಗುವುದು ಹೇಗೆ?

ಕೆಟಿಎಕ್ಸ್ ಎಂಬ ಅತಿವೇಗದ ರೈಲು. ಸೋಲ್ ನಿಲ್ದಾಣದಿಂದ ಬುಸಾನ್‌ಗೆ ಎರಡೂವರೆ ಗಂಟೆಯ ಆಸುಪಾಸು, ಸಾಮಾನ್ಯ ದರ್ಜೆಗೆ 59,800 ವೊನ್ (ಕೊರಿಯಾದ ಹಣ). ಟಿಕೆಟ್ ಒಂದು ತಿಂಗಳು ಮುಂಚೆ ತೆರೆಯುತ್ತದೆ. ರಜೆಯ ವಾರಾಂತ್ಯವಾದರೆ ತೆರೆದ ದಿನವೇ ತೆಗೆಯಿರಿ. ಶುಕ್ರವಾರ ಸಂಜೆಯ ಹೋಗುವ ರೈಲು ಮತ್ತು ಕೊನೆಯ ದಿನ ಮಧ್ಯಾಹ್ನ ಮೂರರ ನಂತರದ ಮರಳುವ ರೈಲು ಮೊದಲು ತುಂಬುತ್ತವೆ. ಹಾಗಾಗಿ ವಾಪಸ್ ಟಿಕೆಟ್ಟನ್ನೇ ಮೊದಲು ಹಿಡಿಯಿರಿ. ಸೋಲ್‌ನ ದಕ್ಷಿಣ ಭಾಗದಲ್ಲಿರುವವರಿಗೆ ಸುಸೊ ನಿಲ್ದಾಣದಿಂದ ಹೊರಡುವ ಎಸ್‌ಆರ್‌ಟಿ ಹತ್ತಿರ, ದರವೂ ತುಸು ಕಡಿಮೆ.

ಎಕ್ಸ್‌ಪ್ರೆಸ್ ಬಸ್ಸು ಅಗ್ಗ, ನಾಲ್ಕು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಆದರೆ ರಜೆಯ ದಿನ ಹೆದ್ದಾರಿ ಕಟ್ಟಿಕೊಂಡರೆ ಎಷ್ಟು ಹೊತ್ತಾಗುತ್ತದೆಂದು ಹೇಳಲಾಗದು. ಬಸ್ಸು ಇಳಿಸುವುದು ಊರಿನ ಉತ್ತರ ತುದಿಯ ನೊಪೊದಲ್ಲಿ, ಅಲ್ಲಿಂದ ಕಡಲಿಗೆ ಮತ್ತೆ ಮೆಟ್ರೊ.

ವಿದೇಶದಿಂದ ನೇರವಾಗಿ ಬರುವವರು ಸಿಂಗಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್ ಮೂಲಕ ಬುಸಾನ್‌ನ ಗಿಮ್ಹೆ ವಿಮಾನ ನಿಲ್ದಾಣಕ್ಕೇ ಇಳಿಯಬಹುದು. ಅಲ್ಲಿಂದ ಲಘು ರೈಲಿನಲ್ಲಿ ಸಾಸಾಂಗ್‌ಗೆ ಬಂದರೆ ಮೆಟ್ರೊ 2ನೇ ಮಾರ್ಗ ಸಿಗುತ್ತದೆ.

ಎಲ್ಲಿ ಉಳಿದುಕೊಳ್ಳುವುದು?

ಗೆಳೆಯರ ಗುಂಪಿಗೆ ಗ್ವಾಂಗಲ್ಲಿ ಮೊದಲ ಆಯ್ಕೆ. ಮರಳಿನ ಎದುರಿಗೇ 7.4 ಕಿ.ಮೀ. ಉದ್ದದ ಗ್ವಾಂಗಾನ್ ಸೇತುವೆ ರಾತ್ರಿ ದೀಪ ಹಚ್ಚಿಕೊಂಡು ನಿಂತಿರುತ್ತದೆ, ಹಿಂದಿನ ಗಲ್ಲಿಗಳಲ್ಲಿ ಊಟ, ಕಾಫಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಹೆಯುಂದೆಯಲ್ಲಿ ದೊಡ್ಡ ಹೋಟೆಲ್‌ಗಳಿವೆ, ಬೇಸಿಗೆಯ ರಜೆಯಲ್ಲಿ ಬಾಡಿಗೆ ದುಪ್ಪಟ್ಟಾಗುವುದು ಸಾಮಾನ್ಯ. ಕೈ ಬಿಗಿಯಿದ್ದರೆ ಸೊಮ್ಯೊನ್: ಕಡಲಿಲ್ಲ, ಆದರೆ 1 ಮತ್ತು 2ನೇ ಮೆಟ್ರೊ ಮಾರ್ಗಗಳು ಸೇರುವ ಜಾಗವಾದ್ದರಿಂದ ಎರಡೂ ಕಡೆಗೆ ಸಮದೂರ.

ಬುಕ್ ಮಾಡುವಾಗ ಒಂದು ಸಂಗತಿ ನೋಡಿಕೊಳ್ಳಿ. ‘ನಾಲ್ವರಿಗೆ’ ಎಂದಿರುವ ಕೋಣೆಯಲ್ಲಿ ಅನೇಕ ಸಲ ಮಂಚ ಒಂದೋ ಎರಡೋ ಇದ್ದು, ಉಳಿದವರಿಗೆ ನೆಲದ ಹಾಸಿಗೆ ಕೊಡುತ್ತಾರೆ. ನೆಲ ಬಿಸಿ ಮಾಡುವ ವ್ಯವಸ್ಥೆ ಇರುವುದರಿಂದ ಚಳಿಗಾಲದಲ್ಲಿ ನೆಲದವರೇ ಸುಖಿಗಳು. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ, ಬಿಡುವುದು ಹನ್ನೊಂದಕ್ಕೆ. ನಡುವಿನ ಹೊತ್ತಿಗೆ ಬುಸಾನ್ ರೈಲು ನಿಲ್ದಾಣದಲ್ಲೂ ದೊಡ್ಡ ಮೆಟ್ರೊ ನಿಲ್ದಾಣಗಳಲ್ಲೂ ಲಾಕರ್ ಇವೆ. ರಜೆಯ ದಿನ ದೊಡ್ಡ ಲಾಕರ್‌ಗಳು ಬೆಳಿಗ್ಗೆಯೇ ತುಂಬಿಬಿಡುತ್ತವೆ. ಮನೆಯಿಂದಲೇ ಸಣ್ಣ ಚೀಲ ತಂದರೆ ಈ ತಲೆನೋವಿಲ್ಲ.

ಶನಿ, ಭಾನು, ಸೋಮ ಎಂದಿಟ್ಟುಕೊಂಡರೆ ದಿನಗಳನ್ನು ಹೇಗೆ ಹಂಚುವುದು?

ಶನಿವಾರ: ಮಧ್ಯಾಹ್ನದ ಒಳಗೆ ಬುಸಾನ್ ನಿಲ್ದಾಣ. ಚೀಲ ಇಟ್ಟು ಸಂಜೆ ಗ್ವಾಂಗಲ್ಲಿ. ಅಲ್ಲಿನ ಡ್ರೋನ್ ಪ್ರದರ್ಶನ ಶನಿವಾರವೇ ಇರುವುದರಿಂದ ಈ ರಾತ್ರಿಯನ್ನು ಬೇರೆಲ್ಲಿಗೂ ಕೊಡಬೇಡಿ.

ಭಾನುವಾರ ಪೂರ್ವ ದಿಕ್ಕು. ಬೆಳಿಗ್ಗೆ ಏಳು, ಏಳೂವರೆಗೆ ಹೊರಟು ಹೆಯುಂದೆ ನಿಲ್ದಾಣದ ಬಳಿಯಿಂದ 181ನೇ ಬಸ್ಸಿನಲ್ಲಿ ಹೆದೊಂಗ್ ಯೊಂಗುಂಗ್ಸಾ. ಕೊರಿಯಾದ ಬೌದ್ಧ ದೇವಾಲಯಗಳು ಹೆಚ್ಚಾಗಿ ಬೆಟ್ಟದ ಮೇಲೆ, ಇದು ಅಲೆ ಬಡಿಯುವ ಬಂಡೆಯ ಮೇಲೆ. 1376ರಲ್ಲಿ ನಾವೊಂಗ್ ಎಂಬ ಭಿಕ್ಷು ಸ್ಥಾಪಿಸಿದ್ದು. ಮಗಧದಿಂದ ಬಂದ ಧ್ಯಾನಭದ್ರ ಎಂಬ ಭಾರತೀಯ ಭಿಕ್ಷು ಈತನ ಗುರುಗಳಲ್ಲೊಬ್ಬ. ಪ್ರವೇಶ ಉಚಿತ. ಹತ್ತು ಗಂಟೆ ದಾಟಿದರೆ ಪಕ್ಕದ ಔಟ್‌ಲೆಟ್ ಮಳಿಗೆಗಳಿಗೆ ಬರುವ ಕಾರುಗಳಿಂದ ರಸ್ತೆ ಕಟ್ಟುತ್ತದೆ, 108 ಮೆಟ್ಟಿಲುಗಳಲ್ಲಿ ಜನ ಸರದಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಸೊಂಗ್ಜೊಂಗ್ ತೀರ, ಬೀಚ್ ಟ್ರೈನ್ ಹಿಡಿದು ಚೊಂಗ್ಸಾಪೊ, ಅಲ್ಲಿಂದ ಕ್ಯಾಪ್ಸೂಲ್‌ನಲ್ಲಿ ಹೆಯುಂದೆ ತೀರದ ತುದಿಯ ಮಿಪೊ. ಸಂಜೆ ಹೆಯುಂದೆ.

ಸೋಮವಾರ ಹಳೆಯ ಊರು. ಒಂಬತ್ತರ ಹೊತ್ತಿಗೆ ಗಾಮ್ಚೊನ್: ಮೆಟ್ರೊ 1ನೇ ಮಾರ್ಗದ ತೊಸೊಂಗ್ ನಿಲ್ದಾಣದ 6ನೇ ದ್ವಾರದಿಂದ ಹೊರಬಂದು ಸಣ್ಣ ಹಳ್ಳಿ ಬಸ್ಸು ಹತ್ತಬೇಕು. ನಡೆದು ಹತ್ತುತ್ತೇವೆ ಎನ್ನಬೇಡಿ, ಏರು ತುಂಬ ಕಡಿದು. ಕೊರಿಯಾ ಯುದ್ಧದ ಕಾಲದಲ್ಲಿ ಬುಸಾನ್ ತಾತ್ಕಾಲಿಕ ರಾಜಧಾನಿಯಾಗಿತ್ತು. ಆಗ ಬಂದ ನಿರಾಶ್ರಿತರು ಗುಡ್ಡಕ್ಕೆ ಮೆಟ್ಟಿಲಿನಂತೆ ಕಟ್ಟಿಕೊಂಡ ಮನೆಗಳಿವು. 2009ರಲ್ಲಿ ಕಲಾವಿದರು ಬಣ್ಣ ತುಂಬಿದರು. ಇಂದಿಗೂ ಜನ ವಾಸ ಮಾಡುತ್ತಿದ್ದಾರೆ. ಕಿಟಕಿಯೊಳಗೆ ಕ್ಯಾಮೆರಾ ತೂರಿಸುವುದು, ಗಲ್ಲಿಯಲ್ಲಿ ಕೂಗಾಡುವುದು ಬೇಡ. ಫ್ರೆಂಚ್ ಕಥೆಯ ಪುಟ್ಟ ರಾಜಕುಮಾರನ ಪ್ರತಿಮೆಯ ಪಕ್ಕ ಫೋಟೊ ತೆಗೆಸಿಕೊಳ್ಳಲು ಹನ್ನೊಂದರ ನಂತರ ಉದ್ದದ ಸಾಲು. ಅದೇ ನೋಟ ಹತ್ತು ಹೆಜ್ಜೆ ಆಚೆಯಿಂದಲೂ ಸಿಗುತ್ತದೆ. ಇಳಿದು ಜಗಲ್ಚಿ, ಚಿತ್ರೋತ್ಸವದ ಹೆಸರಿನ ಬಿಫ್ ಚೌಕ, ಆಮೇಲೆ ರೈಲು. ಬುಸಾನ್ ನಿಲ್ದಾಣ ಅದೇ 1ನೇ ಮಾರ್ಗದಲ್ಲೇ ಇರುವುದರಿಂದ ಈ ಭಾಗವನ್ನು ಕೊನೆಯ ದಿನಕ್ಕೆ ಇಡುವುದು.

ಸ್ಕೈ ಕ್ಯಾಪ್ಸೂಲ್ ಮತ್ತು ಬೀಚ್ ಟ್ರೈನ್ ಬೇರೆ ಬೇರೆಯಾ? ಟಿಕೆಟ್ ಯಾಕೆ ಸಿಗುವುದಿಲ್ಲ?

ಬೇರೆ ಬೇರೆ. ಹಳೆಯ ರೈಲು ಹಳಿ ಬೇರೆಡೆಗೆ ಹೋದ ಮೇಲೆ ಉಳಿದ ಕಡಲಂಚಿನ ದಾರಿಯಲ್ಲಿ 2020ರಲ್ಲಿ ಇವೆರಡನ್ನೂ ತೆರೆದರು. ಕೆಳಗಿನ ಹಳಿಯಲ್ಲಿ ಬೀಚ್ ಟ್ರೈನ್: ಮಿಪೊದಿಂದ ಸೊಂಗ್ಜೊಂಗ್‌ವರೆಗೆ 4.8 ಕಿ.ಮೀ., ಸೀಟುಗಳೆಲ್ಲ ಕಡಲಿಗೆ ಮುಖ. ಮೇಲಿನ ಕಂಬಿಯ ಮೇಲೆ ಬಣ್ಣದ ಡಬ್ಬಿಗಳಂಥ ಕ್ಯಾಪ್ಸೂಲ್: ಮಿಪೊ ಮತ್ತು ಚೊಂಗ್ಸಾಪೊ ನಡುವೆ ಎರಡು ಕಿ.ಮೀ. ಮಾತ್ರ, ಅರ್ಧ ಗಂಟೆ ತೆವಳುತ್ತದೆ.

ಕ್ಯಾಪ್ಸೂಲ್‌ಗೆ ದರ ತಲೆಗೆ ಇಷ್ಟೆಂದಲ್ಲ, ಡಬ್ಬಿಗೆ ಇಷ್ಟೆಂದು. ಇಬ್ಬರ ದರಕ್ಕಿಂತ ನಾಲ್ವರ ದರ ಹೆಚ್ಚು, ಆದರೆ ದುಪ್ಪಟ್ಟಲ್ಲ, ಆದ್ದರಿಂದ ನಾಲ್ವರಿಗೆ ಲಾಭ. ವಾರಾಂತ್ಯದ ಟಿಕೆಟ್ಟುಗಳು ಆನ್‌ಲೈನ್‌ನಲ್ಲೇ ಮುಗಿಯುತ್ತವೆ. ಅಂದೇ ಹೋಗಿ ಕೌಂಟರಿನಲ್ಲಿ ಕೇಳಿದರೆ ಸಂಜೆ ಆರರದ್ದು ಸಿಕ್ಕರೆ ಪುಣ್ಯ. ದಿನಾಂಕ ಗೊತ್ತಾದ ಕೂಡಲೇ ಬುಕ್ ಮಾಡಿ. ಎಲ್ಲರೂ ಮಿಪೊದಿಂದಲೇ ಹತ್ತುವುದರಿಂದ ಚೊಂಗ್ಸಾಪೊ ಕಡೆಯಿಂದ ಹತ್ತಿದರೆ ಸಾಲು ಚಿಕ್ಕದು. ಮೇಲೆ ಹೇಳಿದ ಯೋಜನೆ ಸೊಂಗ್ಜೊಂಗ್‌ನಿಂದ ಶುರುವಾಗುವುದೂ ಅದಕ್ಕೇ. ಗಾಳಿ ಜೋರಾದರೆ ಎರಡೂ ನಿಲ್ಲುತ್ತವೆ.

ಡ್ರೋನ್ ಪ್ರದರ್ಶನ ಎಷ್ಟು ಹೊತ್ತಿಗೆ?

ಪ್ರತಿ ಶನಿವಾರ ಎರಡು ಸಲ: ಬೇಸಿಗೆಯ ಕಾಲಪಟ್ಟಿಯಲ್ಲಿ ರಾತ್ರಿ 8 ಮತ್ತು 10ಕ್ಕೆ, ಚಳಿಗಾಲದಲ್ಲಿ 7 ಮತ್ತು 9ಕ್ಕೆ. ದುಡ್ಡಿಲ್ಲ, ಟಿಕೆಟ್ಟಿಲ್ಲ, ಮರಳ ಮೇಲೆ ಕೂತರಾಯಿತು. ಇರುವುದು ಕಾಲು ಗಂಟೆಯೊಳಗೆ, ತಡವಾದರೆ ಮುಗಿದೇ ಹೋಯಿತು. ಎರಡನೆಯ ಸುತ್ತಿಗೆ ಜನ ಕಡಿಮೆ. ಮುಗಿದ ಮೇಲೆ ಎಲ್ಲರೂ ಗ್ವಾಂಗಾನ್ ಮೆಟ್ರೊಗೆ ನುಗ್ಗುತ್ತಾರೆ. ನೀವು ಹಿಂದಿನ ಗುಮ್ನ್ಯೊನ್ಸಾನ್ ನಿಲ್ದಾಣಕ್ಕೆ ನಡೆಯಿರಿ. ಮಳೆ, ಗಾಳಿ ಇದ್ದರೆ ರದ್ದು, ಅದು ತಿಳಿಯುವುದೂ ಅಂದೇ.

ಸಸ್ಯಾಹಾರಿಗಳು ಏನು ತಿನ್ನಬೇಕು?

ಇದು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ನೇರ ಉತ್ತರ: ಕಷ್ಟ, ಆದರೆ ಉಪವಾಸವಂತೂ ಇಲ್ಲ.

ಮೋಸ ಹೋಗುವುದು ಮಾಂಸದ ತುಂಡಿನಿಂದಲ್ಲ, ಸಾರಿನಿಂದ. ಕೊರಿಯನ್ನರು ಯುಕ್ಸು ಎನ್ನುವ ಸಾರಿನ ತಳಹದಿ ಒಣಗಿಸಿದ ಸಣ್ಣ ಮೀನಿನದ್ದೋ ದನದ ಮೂಳೆಯದ್ದೋ ಆಗಿರುತ್ತದೆ. ಹಂದಿಯ ಸಾರಿನ ದ್ವೆಜಿ ಗುಕ್‌ಬಾಪ್ ಬುಸಾನ್‌ನ ಹೆಮ್ಮೆ. ಮಿಲ್ಮ್ಯೊನ್ ಎಂಬ ತಣ್ಣನೆಯ ಗೋಧಿ ನೂಡಲ್ಸ್ ನೋಡಲು ನಿರಪಾಯ, ಆದರೆ ಅದರ ಸಾರೂ ಮಾಂಸದ್ದೇ. ಅಕ್ಕಿ ಹಿಟ್ಟಿನ ಬಿಲ್ಲೆಗಳು ಕೆಂಪಗೆ ಕುದಿಯುವ ತೊಕ್‌ಪೊಕ್ಕಿಯಲ್ಲಿ ಮೀನಿನ ಸಾರು, ಮೀನಿನ ಹಿಟ್ಟಿನ ಎಮುಕ್ ಹಾಳೆ ಎರಡೂ ಇರುತ್ತವೆ. ಹುಳಿ ಬರಿಸಿದ ಎಲೆಕೋಸಿನ ಕಿಮ್ಚಿಗೆ ಉಪ್ಪಲ್ಲಿ ಹಾಕಿದ ಸೀಗಡಿ ಅಥವಾ ಮೀನಿನ ರಸ ಬಿದ್ದಿರುತ್ತದೆ. ‘ಮಾಂಸ ಬೇಡ’ ಎಂದರೆ ಅಂಗಡಿಯವರು ತುಂಡುಗಳನ್ನು ಎತ್ತಿಟ್ಟು ಅದೇ ಸಾರು ಬಡಿಸುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ.

ನಂಬಬಹುದಾದದ್ದು ಬಿಬಿಂಬಾಪ್, ಅಂದರೆ ತರಕಾರಿ ಕಲಸಿ ತಿನ್ನುವ ಅನ್ನ. ‘ಗೊಗಿ ಪ್ಪೆ ಜುಸೆಯೊ’ ಎಂದರೆ ಮಾಂಸ ತೆಗೆದು ಕೊಡಿ. ಮೊಟ್ಟೆಯೂ ಬೇಡವಾದರೆ ‘ಗೆರಾನ್ ಪ್ಪೆ ಜುಸೆಯೊ’. ಮೆಣಸಿನ ಗೊಜ್ಜಿನಲ್ಲಿ ಕೆಲವೆಡೆ ಕೊಚ್ಚಿದ ದನದ ಮಾಂಸ ಬೆರೆಸಿರುತ್ತಾರೆ, ಆದ್ದರಿಂದ ಗೊಜ್ಜನ್ನು ಪ್ರತ್ಯೇಕವಾಗಿ ತರಿಸಿ ಕೇಳಿ. ಗಿಂಬಾಪ್ (ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ) ಅಂಗಡಿಯಲ್ಲಿ ಹ್ಯಾಮ್, ಎಮುಕ್ ಎರಡನ್ನೂ ಬಿಟ್ಟು ಸುತ್ತಿಕೊಡಲು ಹೇಳಬಹುದು. ಬಿಫ್ ಚೌಕದ ಸ್ಸಿಯಾತ್ ಹೊತ್ತೊಕ್ ಸಸ್ಯಾಹಾರಿಗಳ ಪಾಲಿನ ಬುಸಾನ್ ತಿಂಡಿ: ಕರಿದ ಹಿಟ್ಟಿನ ಬಿಲ್ಲೆಯನ್ನು ಸೀಳಿ ಸಕ್ಕರೆ, ಸೂರ್ಯಕಾಂತಿ ಮತ್ತು ಕುಂಬಳದ ಬೀಜ ತುಂಬುತ್ತಾರೆ. ಒಳಗಿನ ಪಾಕ ಸುಡುತ್ತಿರುತ್ತದೆ, ಮೊದಲ ತುತ್ತಿಗೆ ಆತುರ ಬೇಡ. ಹೆಯುಂದೆ, ಸೊಮ್ಯೊನ್ ಕಡೆ ಭಾರತೀಯ ಊಟದ ಮನೆಗಳೂ ಇವೆ.

ಊರಿನಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದಿದ್ದರೆ ಚಿಂತೆಯೇ ಇಲ್ಲ. ಯಾವ ಕನ್ವೀನಿಯೆನ್ಸ್ ಅಂಗಡಿಯಲ್ಲೂ ಹೆತ್ಬಾನ್ ಎಂಬ ಡಬ್ಬಿ ಅನ್ನ ಸಿಗುತ್ತದೆ, ಅಲ್ಲೇ ಮೈಕ್ರೊವೇವ್‌ನಲ್ಲಿ ಎರಡು ನಿಮಿಷ ಇಟ್ಟರೆ ಬಿಸಿ ಅನ್ನ. ಅಂಟಂಟಾಗಿರುತ್ತದೆ, ಗೊಜ್ಜು ಸ್ವಲ್ಪ ಜಾಸ್ತಿ ಹಾಕಬೇಕು. ಹಣ್ಣು, ಹಸಿ ಕರಿಬೇವು, ಮಾಂಸದ ಪದಾರ್ಥ ವಿಮಾನದಲ್ಲಿ ತರಬೇಡಿ.

ಜಗಲ್ಚಿಯಲ್ಲಿ ಮೀನು ತಿನ್ನುವ ಕ್ರಮ ಏನು?

ಕೆಳಗಿನ ಅಂತಸ್ತಿನಲ್ಲಿ ಜೀವಂತ ಮೀನು ಆರಿಸಿ ಕೊಳ್ಳುವುದು, ಮೇಲಿನ ಅಂತಸ್ತಿನಲ್ಲಿ ಕೂತು ತಿನ್ನುವುದು. ದರ ಕಿಲೊ ಲೆಕ್ಕ. ತೂಗುವ ಮೊದಲೇ ಒಟ್ಟು ಎಷ್ಟಾಗುತ್ತದೆಂದು ಕೇಳಿ, ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಲು ಹೇಳಿ. ಮೇಲೆ ತಲೆಗಿಷ್ಟೆಂದು ಮೇಜಿನ ಶುಲ್ಕ, ಉಳಿದ ಮೂಳೆಯಿಂದ ಖಾರದ ಮೆಉಂತಾಂಗ್ ಸಾರು ಮಾಡಿಸಿದರೆ ಅದಕ್ಕೆ ಬೇರೆ. ಬಿಲ್ಲು ನೋಡಿ ಗಾಬರಿಯಾಗುವವರು ಈ ಎರಡನ್ನು ಮರೆತವರು. ಹಸಿ ಮೀನು ಒಲ್ಲದವರು ಸುತ್ತಲಿನ ಓಣಿಗಳಲ್ಲಿ ಸುಟ್ಟ ಮೀನಿನ ಊಟ ಹುಡುಕಬಹುದು. ತಿಂಗಳ ಮೊದಲ ಮತ್ತು ಮೂರನೇ ಮಂಗಳವಾರ ಮುಖ್ಯ ಕಟ್ಟಡಕ್ಕೆ ರಜೆ.

ಮಾರುಕಟ್ಟೆಯ ಘೋಷವಾಕ್ಯ ಬುಸಾನ್ ಆಡುನುಡಿಯಲ್ಲಿದೆ: ‘ಓಇಸೊ, ಬೊಇಸೊ, ಸಾಇಸೊ’. ಬನ್ನಿ, ನೋಡಿ, ಕೊಳ್ಳಿ ಎಂದರ್ಥ. ಮೀನಿನ ತೊಟ್ಟಿಯ ಮುಂದೆ ನಿಂತ ಕನ್ನಡಿಗರ ಕಿವಿಗೆ ಕೊನೆಯ ಪದ ಬೇರೆಯೇ ಅಪ್ಪಣೆಯಂತೆ ಕೇಳಿಸುತ್ತದೆ.

ಕಡಲಲ್ಲಿ ಈಜಬಹುದಾ?

ಬೇಸಿಗೆಯಲ್ಲಿ, ತೀರ ಅಧಿಕೃತವಾಗಿ ತೆರೆದಿರುವಾಗ, ಹಗಲು ಹೊತ್ತು, ತೇಲುಗುರುತುಗಳ ಒಳಗೆ ಮಾತ್ರ. ಉಳಿದ ಸಮಯದಲ್ಲಿ ಜೀವರಕ್ಷಕರಿಲ್ಲ, ನೀರೂ ತಣ್ಣಗೆ. ಹೆಯುಂದೆಯಲ್ಲಿ ಇಆನ್ರ್ಯು ಎನ್ನುವ ಹಿಮ್ಮುಖ ಸೆಳೆತ ಹೆಸರುವಾಸಿ. ದಡಕ್ಕೆ ಬಂದ ನೀರು ಕಿರಿದಾದ ಒಂದು ಓಣಿಯಲ್ಲಿ ರಭಸದಿಂದ ಹಿಂದಿರುಗುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಹೋರಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೀಟಿ ಊದಿದರೆ ಕೂಡಲೇ ಮೇಲೆ ಬನ್ನಿ. ಬಿಸಿ ತಿಂಗಳುಗಳಲ್ಲಿ ಲೋಳೆಮೀನಿನ ಕಾಟವೂ ಉಂಟು.

ಜಿಮ್‌ಜಿಲ್‌ಬಾಂಗ್‌ಗೆ (ಸಾರ್ವಜನಿಕ ಸ್ನಾನ, ಬಿಸಿ ಕೋಣೆಗಳ ಮನೆ) ಹೋಗಲು ನಾಚಿಕೆ. ಒಳಗೆ ಏನು ನಡೆಯುತ್ತದೆ?

ಚಪ್ಪಲಿ ಮೊದಲ ಲಾಕರಿನಲ್ಲಿ, ಬಟ್ಟೆ ಎರಡನೆಯದರಲ್ಲಿ. ಸ್ನಾನದ ಭಾಗ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ, ಅಲ್ಲಿ ಯಾರೂ ಬಟ್ಟೆ ತೊಡುವುದಿಲ್ಲ, ಈಜುಡುಗೆಗೂ ಅವಕಾಶವಿಲ್ಲ. ತೊಟ್ಟಿಗೆ ಇಳಿಯುವ ಮೊದಲು ಸೋಪು ಹಚ್ಚಿ ಮೈ ತೊಳೆಯಲೇಬೇಕು. ಆಮೇಲೆ ಅವರು ಕೊಟ್ಟ ಅಂಗಿ ಚಡ್ಡಿ ತೊಟ್ಟು ಎಲ್ಲರೂ ಕೂಡುವ ಬಿಸಿ ಕೋಣೆಗಳಿಗೆ. ಮುಜುಗರವಾದರೆ ಸ್ನಾನದ ತೊಟ್ಟಿಗಳನ್ನು ಬಿಟ್ಟು ನೇರ ಅಲ್ಲಿಗೇ ಹೋಗಿ, ಯಾರೂ ಕೇಳುವುದಿಲ್ಲ. ಸೆಂಟಮ್ ಸಿಟಿಯ ಸ್ಪಾ ಲ್ಯಾಂಡ್ ಅಚ್ಚುಕಟ್ಟು, ಆದರೆ ನಾಲ್ಕು ಗಂಟೆಯ ಮಿತಿ ಇದೆ, ರಾತ್ರಿ ಮಲಗಲು ಅಲ್ಲ. ಮಳೆ ಸುರಿದು ಹೊರಗಿನ ಯೋಜನೆ ಕೆಟ್ಟ ದಿನಕ್ಕೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ.

ಕಡಲ ದಂಡೆಯಲ್ಲಿ ಕೂತು ಕುಡಿಯಬಹುದಾ?

ಹಳೆಯ ಪ್ರವಾಸ ಬರಹಗಳು ಮಿಲ್ಲಾಕ್ ದಂಡೆಯ ಉದ್ಯಾನವನ್ನು ಹೊಗಳುತ್ತವೆ. 2023ರ ಜುಲೈನಿಂದ ಅಲ್ಲಿ ಮದ್ಯ ನಿಷಿದ್ಧ, ಸಿಕ್ಕಿಬಿದ್ದರೆ ದಂಡ. ಬೇರೆಡೆ ಫಲಕ ನೋಡಿಕೊಳ್ಳಿ. ಸೊಜು ಶೇ. 16ರ ಆಸುಪಾಸಿನ ಮದ್ಯ, ಸಿಹಿಯಾಗಿರುವುದರಿಂದ ಲೆಕ್ಕ ತಪ್ಪುತ್ತದೆ. ಬುಸಾನ್‌ನವರ ಅಭಿಮಾನದ ಸೊಜು ದೆಸೊನ್. ಹಿರಿಯರು ಸುರಿದರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು ಮರ್ಯಾದೆ.

ನಕ್ಷೆ, ಕಾರ್ಡು, ಟ್ಯಾಕ್ಸಿ?

ಗೂಗಲ್ ಮ್ಯಾಪ್ಸ್ ಕೊರಿಯಾದಲ್ಲಿ ನಡೆಯುವ ದಾರಿ ತೋರಿಸುವುದರಲ್ಲಿ ಕೈಕೊಡುತ್ತದೆ, ನೇವರ್ ಮ್ಯಾಪ್ ಹಾಕಿಕೊಳ್ಳಿ. ಮೆಟ್ರೊ, ಬಸ್ಸಿಗೆ ಬಳಸುವ ಟಿ-ಮನಿ ಕಾರ್ಡು ಕನ್ವೀನಿಯೆನ್ಸ್ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ದುಡ್ಡು ತುಂಬಲು ನಗದು ಬೇಕು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಇರಲಿ.

ಮೆಟ್ರೊಗೆ ಹತ್ತಿರದ ದೂರಕ್ಕೆ ಕಾರ್ಡಿನಲ್ಲಿ ತಲೆಗೆ 1,600 ವೊನ್, ನಾಲ್ವರಿಗೆ 6,400. ಟ್ಯಾಕ್ಸಿಯ ಮೊದಲ 2 ಕಿ.ಮೀ.ಗೆ 4,800. ಅಂದರೆ ನಾಲ್ವರಿಗೆ ಸಣ್ಣ ದೂರಕ್ಕೆ ಟ್ಯಾಕ್ಸಿಯೇ ಅಗ್ಗ. ಗಾಮ್ಚೊನ್‌ನಿಂದ ಇಳಿಯುವಾಗ ಇದು ನೆನಪಿರಲಿ. ಟ್ಯಾಕ್ಸಿ ಕರೆಯುವ ಕಕಾವೊ ಟಿ ಆ್ಯಪ್‌ನಲ್ಲಿ ಹಣವನ್ನು ಚಾಲಕರಿಗೇ ಕೊಡುವ ಆಯ್ಕೆ ಒತ್ತಿದರೆ ವಿದೇಶಿ ಕಾರ್ಡಿನ ತೊಡಕಿಲ್ಲ. ರಾತ್ರಿ 11ರಿಂದ ಹೆಚ್ಚುವರಿ ದರ. ಟಿಪ್ಸ್ ಕೊಡುವ ರೂಢಿಯಿಲ್ಲ.

ಒಬ್ಬರಿಗೆ ಖರ್ಚು ಎಷ್ಟು?

1,000 ವೊನ್ ಎಂದರೆ ಸುಮಾರು 60 ರೂಪಾಯಿ ಎಂದಿಟ್ಟುಕೊಳ್ಳಿ. ರೈಲು ಹೋಗಿಬರಲು 1,19,600 ವೊನ್, ಸುಮಾರು 7,200 ರೂಪಾಯಿ. ಊರೊಳಗಿನ ಓಡಾಟಕ್ಕೆ ದಿನಕ್ಕೆ ಹತ್ತು ಸಾವಿರ ವೊನ್ ಸಾಕು. ಸಾದಾ ಊಟ ಹತ್ತು ಸಾವಿರದ ಆಸುಪಾಸು, ಜಗಲ್ಚಿಯ ಹಸಿ ಮೀನಾದರೆ ಅದರ ಮೂರು ಪಟ್ಟು ಎತ್ತಿಡಿ. ವಸತಿಯೇ ಏರಿಳಿಯುವುದು. ಊಟದ ಮನೆಗಳಲ್ಲಿ ಬಿಲ್ಲು ಒಂದೇ, ಕೌಂಟರಿನಲ್ಲಿ ಒಬ್ಬರು ಕೊಟ್ಟು ಆಮೇಲೆ ಹಂಚಿಕೊಳ್ಳುವುದು ವಾಡಿಕೆ. ಸರದಿಯಲ್ಲಿ ನಿಂತು ನಾಲ್ಕು ಕಾರ್ಡು ಚಾಚಬೇಡಿ.

ಜನಜಂಗುಳಿ ಇಲ್ಲದ ಜಾಗ ಯಾವುದಾದರೂ?

ಇಗಿದೆ ಕಡಲ ಹಾದಿ. ಬಂಡೆಯಂಚಿಗೆ ಓರ್ಯುಕ್ದೊವರೆಗೆ ಸುಮಾರು 4.7 ಕಿ.ಮೀ., ಎರಡೂವರೆ ಗಂಟೆ, ಮೆಟ್ಟಿಲು ಬಹಳ, ನಡುವೆ ಅಂಗಡಿಗಳಿಲ್ಲ, ನೀರು ಒಯ್ಯಿರಿ. ದೆಯೊನ್ ಮೆಟ್ರೊದ ಹತ್ತಿರ ವಿಶ್ವಸಂಸ್ಥೆಯ ಸ್ಮಾರಕ ಸ್ಮಶಾನವಿದೆ, 1951ರಲ್ಲಿ ಆರಂಭವಾದದ್ದು. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಸೈನಿಕ ಆಸ್ಪತ್ರೆಯ ತುಕಡಿಯನ್ನು. ಯುದ್ಧ ನಿಂತ ಮೇಲೆ ಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ.

ಅರ್ಧ ದಿನ ಉಳಿದರೆ ಲಘು ರೈಲಿನಲ್ಲಿ ಪಕ್ಕದ ಗಿಮ್ಹೆ ಊರಿಗೆ ಹೋಗಿ. ಕ್ರಿ.ಶ. 48ರಲ್ಲಿ ‘ಆಯುತ’ ದೇಶದಿಂದ ಹಡಗಿನಲ್ಲಿ ಬಂದು ಸುರೊ ರಾಜನನ್ನು ಮದುವೆಯಾದಳೆಂದು ಐತಿಹ್ಯ ಹೇಳುವ ಹೊ ಹ್ವಾಂಗ್-ಓಕ್ ರಾಣಿಯ ಸಮಾಧಿ, ರಾಜನ ಸಮಾಧಿ ಎರಡೂ ಅಲ್ಲಿವೆ. ಆಯುತ ಎಂದರೆ ಅಯೋಧ್ಯೆ ಎಂದು ಹಲವರು ನಂಬುತ್ತಾರೆ.

ತುರ್ತು ಸಂಖ್ಯೆಗಳು?

ಪೊಲೀಸ್ 112. ಆಂಬುಲೆನ್ಸ್ ಮತ್ತು ಅಗ್ನಿಶಾಮಕ 119. ಪ್ರವಾಸಿಗರ ಸಹಾಯವಾಣಿ 1330, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಟ್ಯಾಕ್ಸಿಯಲ್ಲಿ ಫೋನ್ ಮರೆತಾಗ, ಅಂಗಡಿಯವರಿಗೆ ನಿಮ್ಮ ಮಾತು ಅರ್ಥವಾಗದಾಗ ಕೂಡ ಇದಕ್ಕೇ ಕರೆ ಮಾಡಿ. ಪಾಸ್‌ಪೋರ್ಟಿನ ಫೋಟೊ ಪ್ರತಿಯೊಬ್ಬರ ಫೋನಿನಲ್ಲೂ ನಾಲ್ವರದ್ದೂ ಇರಲಿ.